ಒಂದು ಗೇಣು ಕೆಸರು

ಜಯನಗರ

ಅಮೆರಿಕಕ್ಕೆ ಹೋಗಿ ಬಂದವರು ಮುಗಿಲು ಮುಟ್ಟುವ ಕಟ್ಟಡ ನೋಡಿದೆವು ಎನ್ನುತ್ತಾರೆ, ದೊಡ್ಡ ಜಲಪಾತ ನೋಡಿದೆವು ಎನ್ನುತ್ತಾರೆ. ನಾನು ನೋಡಿ ಬಂದದ್ದು ಕೆಸರು. ನಾಲ್ಕು ತಿಂಗಳು, ಬೆಳಗ್ಗೆ ಸಂಜೆ, ಬರಿಯ ಕೆಸರು. ಇದನ್ನು ಮೊದಲಿಗೇ ಹೇಳಿಬಿಡುವುದು ಮರ್ಯಾದೆ. ನಮ್ಮ ಬೀದಿಯಲ್ಲಿ ನನ್ನನ್ನು ಕಾಫಿಗೆಂದು ಕರೆದು ಅಮೆರಿಕದ ಸಮಾಚಾರ ಕೇಳಿದವರೆಲ್ಲ ಲೋಟ ಖಾಲಿಯಾಗುವ ಮೊದಲೇ ಮಾತನ್ನು ಮಗಳ ಮದುವೆಗೆ ತಿರುಗಿಸಿದ್ದಾರೆ.

ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಭೂವಿಜ್ಞಾನದ ಡೆಮಾನ್‌ಸ್ಟ್ರೇಟರ್. ಎಂದರೆ, ಪ್ರೊಫೆಸರು ಬಾಯಲ್ಲಿ ಹೇಳಿದ್ದನ್ನು ಹುಡುಗರೆದುರು ಕೈಯಲ್ಲಿ ಮಾಡಿ ತೋರಿಸುವವನು. ಹದಿನಾಲ್ಕು ವರ್ಷ ಕಲ್ಲು ತೊಳೆದಿದ್ದೇನೆ. ನಮ್ಮ ಸೀಮೆಯಲ್ಲಿ ಭೂವಿಜ್ಞಾನವೆಂದರೆ ಕಲ್ಲೇ. ಲಾಲ್‌ಬಾಗಿನ ಗುಡ್ಡದಿಂದ ಹಿಡಿದು ನಮ್ಮ ಹಿತ್ತಲಿನ ಬಾವಿಯವರೆಗೆ, ನೂರಾರು ಕೋಟಿ ವರ್ಷದ ಹಳೆಯ ಬಂಡೆ. ಜಯನಗರದಲ್ಲಿ ಮನೆ ಕಟ್ಟಿ ಬಾವಿ ತೋಡಿಸಿದಾಗ ಹತ್ತಡಿಗೇ ಬಂಡೆ ಸಿಕ್ಕಿ ಮದ್ದಿಟ್ಟು ಸಿಡಿಸಬೇಕಾಯಿತು. ಎದುರು ಮನೆಯ ಹೆಂಚು ನಾಲ್ಕು ಒಡೆದವು. ಆ ಮನೆಯಾಕೆ ಇವತ್ತಿಗೂ ನಮ್ಮ ಮನೆಗೆ ಅರಿಸಿನ ಕುಂಕುಮಕ್ಕೆ ಬರುವುದಿಲ್ಲ.

ಇಂಥ ಊರಿನ ಪ್ರೊಫೆಸರಿಗೆ ಮಣ್ಣೆಂದರೆ ತಾತ್ಸಾರ. ಹೊರಗಿನಿಂದ ಯಾವ ಮಾದರಿ ಬಂದರೂ ಮೊದಲು ಬಕೆಟ್ಟು, ಆಮೇಲೆ ತೆಂಗಿನ ನಾರು, ಗಸಗಸ ಉಜ್ಜಿ ಮಣ್ಣೆಲ್ಲ ಬಿಡಿಸಿ ಕಲ್ಲಿನ ಮೈ ಕಾಣಿಸಿದ ಮೇಲೇ ಅವರು ಕನ್ನಡಕ ಏರಿಸುವುದು. ಒಂದು ಚೂರು ಮಣ್ಣು ಉಳಿದಿದ್ದರೆ ಸಾಕು, ‘ಏನಯ್ಯಾ ಇದು, ಮುಖ ತೊಳೀದೆ ಹೆಣ್ಣು ತೋರಿಸ್ತೀಯಾ?’ ಎಂದು ಹುಡುಗರೆದುರೇ ಮಾನ ಹರಾಜು ಹಾಕುತ್ತಿದ್ದರು.

ಅಮೆರಿಕಕ್ಕೆ ಹೊರಡಬೇಕಾಗಿದ್ದವರು ಅವರೇ. ನದಿಯ ಹೂಳು ಕಡಲಿಗೆ ಬಿದ್ದು ಬಿದ್ದು ಭೂಖಂಡದ ಅಂಚನ್ನು ಹೇಗೆ ಬೆಳೆಸುತ್ತದೆ ಎಂಬುದನ್ನು ಕಲಿತು ಬರಲು ಅಲ್ಲಿಂದ ಕರೆ ಬಂದಿತ್ತು. ಆದರೆ ಅವರಿಗೆ ಮೂಲವ್ಯಾಧಿ. ಎರಡು ದಿನ ವಿಮಾನದಲ್ಲಿ ಕೂತೇ ಇರಬೇಕೆಂದು ಕೇಳಿದ ಡಾಕ್ಟರು ಕೂಡದೆಂದು ಹೇಳಿಬಿಟ್ಟರು. ಹೀಗೆ ನನಗೆ ಯೋಗ ಕೂಡಿಬಂತು. ಅಲ್ಲಿಯವರಿಂದ ಒಳ್ಳೆಯ ಪತ್ರ ತಂದರೆ ಲೆಕ್ಚರರ್ ಹುದ್ದೆ; ತರದಿದ್ದರೆ ರಿಟೈರ್ ಆಗುವವರೆಗೆ ಕಲ್ಲು ತೊಳೆಯುವುದು. ನನ್ನ ಹೆಂಡತಿ ಲಲಿತ, ನಮ್ಮೂರಿನದೇ ಶ್ರೀನಗರ ಬಡಾವಣೆಯಲ್ಲಿರುವ ತನ್ನ ಅಕ್ಕನಿಗೆ, ನಾನು ಆಗಲೇ ಲೆಕ್ಚರರ್ ಆಗಿಬಿಟ್ಟೆನೆಂದು ಹೇಳಿಯೂ ಆಗಿತ್ತು.

ಬೆಳಗ್ಗೆ ಹಸು ಹೊಡೆದುಕೊಂಡು ಬಂದು ಬಾಗಿಲಲ್ಲೇ ಹಾಲು ಕರೆದುಕೊಡುವ ಮುನಿಯಪ್ಪನಿಗೆ ಮಾತ್ರ ಇದು ಯಾವುದೂ ಹಿಡಿಸಲಿಲ್ಲ. ‘ಹೂಳು ನೋಡೋಕೆ ಇಮಾನ ಹತ್ತಬೇಕಾ ಸ್ವಾಮಿ? ನಮ್ಮ ಹುಳಿಮಾವು ಕೆರೇಲಿ ಮಂಡಿಮಟ್ಟ ಐತೆ. ಬಾಂಡ್ಲಿ ಬೇಕಾರೆ ನಾನೇ ಕೊಡ್ತೀನಿ’ ಎಂದ. ಕೆರೆಯ ಹೂಳು ಕೆರೆಯನ್ನು ತುಂಬುತ್ತದೆ, ದೊಡ್ಡ ನದಿಯ ಹೂಳು ದೇಶವನ್ನೇ ಕಟ್ಟುತ್ತದೆ ಎಂದು ಕಾಲು ಗಂಟೆ ವಿವರಿಸಿದೆ. ಎಲ್ಲವನ್ನೂ ಕೇಳಿ, ಅಲ್ಲಿ ಹಾಲಿಗೆ ನೀರು ಬೆರೆಸುತ್ತಾರೋ ಇಲ್ಲವೋ ನೋಡಿಕೊಂಡು ಬನ್ನಿ ಎಂದು ಹೇಳಿ ಹಸು ಹೊಡೆದುಕೊಂಡು ಹೋದ.

ಟ್ರಂಕಿಗೆ ಸಾರಿನ ಪುಡಿ, ಹುಣಸೆಹಣ್ಣು, ನಿಂಬೆಕಾಯಿ ಉಪ್ಪಿನಕಾಯಿ ಹೋದವು. ಪರದೇಶದಲ್ಲಿ ತಟ್ಟೆ ತಿಕ್ಕಲು ಏನು ಸಿಗುತ್ತದೋ ಎಂದು ಲಲಿತ ಒಂದು ಕಂತೆ ತೆಂಗಿನ ನಾರನ್ನೂ ಇಟ್ಟಳು.

ಕಲ್ಲಿಲ್ಲದ ಊರು

ಲೂಸಿಯಾನ ಎಂಬ ಸೀಮೆಯ ತುದಿಯಲ್ಲಿ ಮಿಸಿಸಿಪ್ಪಿ ನದಿ ಕಡಲು ಸೇರುತ್ತದೆ. ಅಲ್ಲೊಂದು ಸಣ್ಣ ಊರಿನಲ್ಲಿ ಮಿಸ್ ಡೆಲ್ಫೀನ್ ಎಂಬ ವಿಧವೆಯ ಮನೆಯಲ್ಲಿ ನನ್ನ ವಾಸ. ಆ ಕಡೆ ಎಷ್ಟೇ ವಯಸ್ಸಾದ ಹೆಂಗಸನ್ನೂ ಗೌರವಕ್ಕೆ ‘ಮಿಸ್’ ಎಂದೇ ಕರೆಯುತ್ತಾರೆ. ನನ್ನ ಹೆಸರು ನರಸಿಂಹಮೂರ್ತಿ ಎಂದಾಗ ಆಕೆ ಎರಡು ಸಲ ಪ್ರಯತ್ನಿಸಿ ‘ಮಾರ್ಟಿ’ ಎಂದು ತೀರ್ಮಾನಿಸಿದಳು. ಮರುದಿನದಿಂದ ಇಡೀ ಊರಿಗೆ ನಾನು ಮಾರ್ಟಿ. ನಾಮಕರಣದಲ್ಲೂ ಇಷ್ಟು ಬೇಗ ನನಗೆ ಯಾರೂ ಹೆಸರಿಟ್ಟಿರಲಿಲ್ಲ.

ಮೊದಲ ದಿನವೇ ಸಾರು ಮಾಡಿಕೊಳ್ಳಲು ಹೊರಟೆ. ಮೆಣಸು ಕುಟ್ಟಬೇಕು, ಒಂದು ಕಲ್ಲು ಕೊಡಿ ಎಂದೆ. ಆಕೆ ಯೋಚನೆಗೆ ಬಿದ್ದಳು. ಈ ಊರಿನಲ್ಲಿ ಕಲ್ಲಿಲ್ಲ ಎಂದಳು. ನನಗೆ ನಗು ಬಂತು. ಭೂಮಿಯ ಮೇಲೆ ಕಲ್ಲಿಲ್ಲದ ಊರೇ? ಚಪ್ಪಲಿ ಮೆಟ್ಟಿಕೊಂಡು ನಾನೇ ಹುಡುಕಲು ಹೊರಟೆ. ರಸ್ತೆಯ ಈ ತುದಿಯಿಂದ ಆ ತುದಿಗೆ ಹೋದೆ, ನದಿಯ ದಂಡೆಯುದ್ದಕ್ಕೂ ಹೋದೆ, ಚರ್ಚಿನ ಹಿಂದೆ ಹೋದೆ. ರಸ್ತೆಗೆ ಜಲ್ಲಿಯ ಬದಲು ಕಪ್ಪೆಚಿಪ್ಪು ಸುರಿದಿದ್ದರು. ನಾಯಿ ಅಟ್ಟಿಸಿಕೊಂಡು ಬಂದಾಗ ಅಭ್ಯಾಸಬಲದಿಂದ ನೆಲಕ್ಕೆ ಬಾಗಿದೆ. ಕೈಗೆ ಬಂದದ್ದು ಮೆತ್ತಗಿನ ಮಣ್ಣು. ನಾಯಿಗೂ ಅದು ಗೊತ್ತಿದ್ದಂತಿತ್ತು, ನಿಂತು ನನ್ನನ್ನೇ ನೋಡಿತು.

ವಾಪಸು ಬಂದಾಗ ಮಿಸ್ ಡೆಲ್ಫೀನ್ ಗಾಜಿನ ಬೀರು ತೆರೆದು, ಪಿಂಗಾಣಿ ಬೊಂಬೆಗಳ ನಡುವಿನಿಂದ ಮುಷ್ಟಿಗಾತ್ರದ ಒಂದು ಬಿಳಿ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಮದುವೆಯಾದ ಹೊಸತರಲ್ಲಿ ಗಂಡ ಉತ್ತರದ ಬೆಟ್ಟಗಳಿಂದ ತಂದುಕೊಟ್ಟದ್ದಂತೆ. ನೋಡಿದೆ. ನಮ್ಮ ಕಡೆ ಇಂಥದ್ದಕ್ಕೆ ದನ ಕೂಡ ಎಡವುವುದಿಲ್ಲ. ನಾನು ಮೆಣಸು ಕುಟ್ಟುವಷ್ಟು ಹೊತ್ತೂ ಆಕೆ ಪಕ್ಕದಲ್ಲೇ ನಿಂತಿದ್ದು, ಮುಗಿದ ಕೂಡಲೇ ಕಲ್ಲನ್ನು ತೊಳೆದು ಒರೆಸಿ ಬೊಂಬೆಗಳ ನಡುವೆ ಮತ್ತೆ ಕೂರಿಸಿದಳು.

ಊಟದ ವಿಷಯದಲ್ಲಿ ದೇವರು ನನ್ನನ್ನು ಚೆನ್ನಾಗಿ ಆಟವಾಡಿಸಿದ. ಆ ಸೀಮೆಯವರು ಅನ್ನ ಉಣ್ಣುತ್ತಾರೆ, ಅದೂ ಮೂರು ಹೊತ್ತು. ಅನ್ನದ ಮೇಲೆ ಬೆಂಡೆಕಾಯಿಯ ಗೊಜ್ಜಿನಂಥದ್ದನ್ನು ಬಡಿಸಿದಾಗ ಕಣ್ಣಲ್ಲಿ ನೀರು ಬಂತು. ಸೌಟು ಆಡಿಸಿದರೆ ಕೆಳಗಿನಿಂದ ಸಿಗಡಿ ಎದ್ದುಬಂತು. ಹುರುಳಿಯಂಥ ಕೆಂಪು ಕಾಳಿನ ಪಲ್ಯದಲ್ಲಿ ಹಂದಿ ಅಡಗಿತ್ತು. ಇಂಥ ಸಮಯದಲ್ಲಿ ನಿಂಬೆಕಾಯಿ ಉಪ್ಪಿನಕಾಯಿಗೆ ನಾನು ಎಷ್ಟು ಕೃತಜ್ಞ ಎಂದು ಲಲಿತೆಗೆ ಎರಡು ಪುಟ ಬರೆದೆ.

ನಗಲಾಗದ್ದೂ ಒಂದಿದೆ, ಅದನ್ನೂ ಹೇಳಬೇಕು. ಬಸ್ ನಿಲ್ದಾಣದಲ್ಲಿ ಎರಡು ನಲ್ಲಿ: ಒಂದರ ಮೇಲೆ ಬಿಳಿಯರಿಗೆ, ಇನ್ನೊಂದರ ಮೇಲೆ ಕರಿಯರಿಗೆ ಎಂಬ ಹಲಗೆ. ಬಾಯಾರಿದ್ದ ನಾನು ಎರಡರ ನಡುವೆ ನಿಂತೆ. ಟಿಕೆಟ್ಟಿನವನು ನನ್ನ ಬಣ್ಣ ನೋಡಿ ತಾನೂ ತಬ್ಬಿಬ್ಬಾದ. ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಬಸವನಗುಡಿಯ ನಮ್ಮ ಹಳೆಯ ಮನೆಯ ಬಾವಿಕಟ್ಟೆ ನೆನಪಾಯಿತು. ಅಲ್ಲಿ ಯಾರು ಹಗ್ಗ ಮುಟ್ಟಬಹುದು, ಯಾರು ದೂರ ನಿಂತು ಕೊಡ ಚಾಚಬೇಕು ಎಂಬುದೆಲ್ಲ ಅಜ್ಜಿಗೆ ಬಾಯಿಪಾಠವಿತ್ತು. ನಮ್ಮಲ್ಲಿ ಹಲಗೆ ಇರಲಿಲ್ಲ, ಅಷ್ಟೇ. ನೀರು ಕುಡಿಯದೆ ಬಸ್ಸು ಹತ್ತಿದೆ.

ನನಗೆ ಕೆಸರಿನ ಪಾಠ ಹೇಳಿಕೊಟ್ಟವನು ವಾಲ್ಟರ್. ಮೂವತ್ತರ ಆಸುಪಾಸು, ಒಣಕಲು ಮೈ, ಮುಖದ ತುಂಬ ಮಚ್ಚೆ. ಆರು ವರ್ಷದಿಂದ ಡಾಕ್ಟರೇಟಿಗೆ ಮಣ್ಣು ಹೊರುತ್ತಿದ್ದ. ಹೆಂಡತಿ ಬೆಟ್ಟಿ ಬಸುರಿ. ಅಪ್ಪನಿಗೆ ಬೇರೆ ಊರಿನಲ್ಲಿ ಟೈರಿನ ಅಂಗಡಿ, ಅದರ ಬೋರ್ಡಿನಲ್ಲಿ ‘ಮತ್ತು ಮಗ’ ಎಂದು ಆಗಲೇ ಬರೆಸಿಟ್ಟಿದ್ದನಂತೆ. ಈ ಸಲದ ಸಮುದ್ರಯಾನದಿಂದ ಹೊಸದೇನಾದರೂ ತಾರದಿದ್ದರೆ ಇನ್ನು ಸಾಕುಮಾಡು ಎಂದು ಅವನ ಗುರು ಹೇಳಿಬಿಟ್ಟಿದ್ದರು. ಇದನ್ನೆಲ್ಲ ಅವನು ಪರಿಚಯವಾದ ಹತ್ತೇ ನಿಮಿಷದಲ್ಲಿ ಹೇಳಿದ. ನಮ್ಮಲ್ಲಾದರೆ ಇಷ್ಟು ತಿಳಿಯಲು ಮೂರು ಮದುವೆಗೆ ಹೋಗಬೇಕು. ಅವರ ಭಾಷೆಯಲ್ಲಿ ನೀನು, ನೀವು ಎರಡೂ ಒಂದೇ. ನನ್ನ ವಯಸ್ಸಿಗೆ ಬೆಲೆ ಕೊಟ್ಟು ಅವನ ಮಾತನ್ನು ‘ನೀವು’ ಎಂದೇ ಬರೆಯುತ್ತೇನೆ.

ನದಿಯ ದಂಡೆಯ ಮೇಲೆ ನಿಲ್ಲಿಸಿ ವಾಲ್ಟರ್ ಹೇಳಿದ್ದು ಇಷ್ಟು. ಈ ನದಿ ಅರ್ಧ ದೇಶದ ಮಣ್ಣನ್ನು ತೊಳೆದು ತಂದು ಇಲ್ಲಿ ಕಡಲಿಗೆ ಸುರಿಯುತ್ತದೆ. ಭಾರಕ್ಕೆ ತಳ ಜಗ್ಗುತ್ತದೆ. ಜಗ್ಗಿದ ಕಡೆ ಇನ್ನಷ್ಟು ಮಣ್ಣಿಗೆ ಜಾಗವಾಗುತ್ತದೆ. ಹೀಗೆ ಕೋಟ್ಯಂತರ ವರ್ಷ ನಡೆದು ಮೈಲಿಗಟ್ಟಲೆ ದಪ್ಪ ಹೂಳು ಕೂತು, ಭೂಖಂಡದ ಅಂಚೇ ಕಡಲೊಳಕ್ಕೆ ಬೆಳೆದಿದೆ. ನನಗೆ ನಮ್ಮ ಮನೆಯ ಹಳೆಯ ನವಾರು ಮಂಚ ನೆನಪಾಯಿತು. ನೆಂಟರು ಬಂದು ಹೋದ ಮೇಲೆ ಅದರ ಮೇಲೆ ಎಷ್ಟು ಹಾಸಿಗೆ ಒಟ್ಟಿದರೂ ಇನ್ನೊಂದಕ್ಕೆ ಜಾಗವಿರುತ್ತದೆ. ಹೇಳಿದೆ. ಅವನು ನವಾರು ಎಂದರೇನು ಎಂದು ಕೇಳಿ ಬರೆದುಕೊಂಡ.

ಹಡಗು: ಮೊದಲ ಮೂರು ದಿನ

ಆ ಅಂಚು ಮುಗಿದು ಆಳ ಶುರುವಾಗುವ ಜಾಗದಲ್ಲಿ ಕಬ್ಬಿಣದ ಕೊಳವೆ ಇಳಿಬಿಟ್ಟು ತಳದ ಕೆಸರು ತೆಗೆಯುವುದು ನಮ್ಮ ಯಾನದ ಉದ್ದೇಶ. ಹಡಗು ಸಣ್ಣದು, ನಮ್ಮ ಬಿ.ಟಿ.ಎಸ್. ಬಸ್ಸು ಎರಡು ಜೋಡಿಸಿದಷ್ಟು.

ಮೂರು ದಿನದ ವೃತ್ತಾಂತ ಬೇಗ ಮುಗಿಯುತ್ತದೆ: ವಾಂತಿ. ಹೊಳೆ ಇಲ್ಲದ ಊರಿನವನು ನಾನು. ನಾನು ಕಂಡ ಅತಿ ದೊಡ್ಡ ಅಲೆ ಲಾಲ್‌ಬಾಗ್ ಕೆರೆಯಲ್ಲಿ ಬಾತುಕೋಳಿ ಎಬ್ಬಿಸಿದ್ದು. ಕೊಳವೆಯಿಂದ ಕೆಸರಿನ ಕಂಬ ಹೊರಗೆ ಬಂದಾಗಲೆಲ್ಲ ವಾಲ್ಟರ್ ನನ್ನ ಹತ್ತಿರ ಓಡಿಬಂದು, ಯಾವ ಬಣ್ಣದ ಪದರ ಎಂದರೆ ಏನು ಅರ್ಥ ಎಂದು ವಿವರಿಸುತ್ತಿದ್ದ. ಅವನು ಅತಿ ಮುಖ್ಯವಾದುದನ್ನು ಹೇಳುವ ಹೊತ್ತಿಗೆ ಸರಿಯಾಗಿ ನಾನು ಕಂಬಿಯಾಚೆ ಬಾಗಿರುತ್ತಿದ್ದೆ. ಪಾಪ, ಅವನು ನಾನು ನಿಲ್ಲಿಸುವವರೆಗೂ ಕಾದು, ಅರ್ಥವಾಯಿತೇ ಎಂದು ಕೇಳುತ್ತಿದ್ದ. ನಾನು ಆಯಿತು ಎಂದು ತಲೆಯಾಡಿಸುತ್ತಿದ್ದೆ. ಇನ್ನೊಮ್ಮೆ ಹೇಳು ಎನ್ನುವ ತ್ರಾಣ ಇರಲಿಲ್ಲ. ಆ ತಲೆಯಾಡಿಸಿದ್ದಕ್ಕೆ ಆಮೇಲೆ ಅನುಭವಿಸಿದೆ.

ನಾಲ್ಕನೆಯ ದಿನ

ನಾಲ್ಕನೆಯ ದಿನ ಸಮುದ್ರ ಸುಮ್ಮನಾಯಿತು, ಹೊಟ್ಟೆಯೂ ಸುಮ್ಮನಾಯಿತು. ಸ್ನಾನ, ಸಂಧ್ಯಾವಂದನೆ ಮುಗಿಸಿ ಡೆಕ್ಕಿಗೆ ಬಂದೆ. ಮೂರು ದಿನ ದಿಂಡುರುಳಿದಂತೆ ಬಿದ್ದಿದ್ದ ನಾಚಿಕೆ ಬೇರೆ. ಏನಾದರೂ ಕೆಲಸ ಮಾಡಿ ಋಣ ತೀರಿಸಬೇಕು ಅನ್ನಿಸಿತು.

ಸಂಜೆಯ ಹೊತ್ತಿಗೆ ಕೊಳವೆ ಮೇಲೆ ಬಂತು. ವಾಲ್ಟರ್ ಅದರೊಳಗಿನ ಕೆಸರನ್ನು ಹಿಂದಿನಿಂದ ದಬ್ಬಿದ, ಮುಂದಿನ ತುದಿಗೆ ಒಬ್ಬ ನಾವಿಕ ಅಂಗೈ ಕೊಟ್ಟು ಉದ್ದನೆಯ ಮರದ ತೊಟ್ಟಿಯಲ್ಲಿ ಮಲಗಿಸಿದ. ಬಾಳೆದಿಂಡಿನಷ್ಟು ದಪ್ಪ, ಎರಡಾಳು ಉದ್ದ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಐದು ನಿಮಿಷದಲ್ಲಿ ಬಂದು ನೋಡಿ ಅಳೆಯುತ್ತೇನೆ ಎಂದು ಅವನು ಮುಂದಿನ ತುದಿಯತ್ತ ಬಾರದೆಯೇ ಒಳಗೆ ಹೋದ. ಆವತ್ತಿನ ಅಡುಗೆ ಏಡಿ. ಹಾಗಾಗಿ ನಾನು ಹೊರಗೇ ಉಳಿದೆ.

ಒಬ್ಬನೇ ನಿಂತು ಆ ಕಂಬವನ್ನು ನೋಡಿದೆ. ಮುಕ್ಕಾಲು ಮೂರುವೀಸ ಭಾಗ ಚೊಕ್ಕವಾದ ಬೂದು ಜೇಡಿ. ಕುಂಬಾರ ಕಂಡರೆ ಕಣ್ಣಿಗೊತ್ತಿಕೊಳ್ಳಬೇಕು. ಆದರೆ ಒಂದು ತುದಿಯಲ್ಲಿ, ಒಂದು ಗೇಣಿನಷ್ಟು, ಕಂದು ಬಣ್ಣದ ಏನೋ ಗಲೀಜು ಮೆತ್ತಿಕೊಂಡಿತ್ತು. ಗಂಜಿಯ ಹಾಗೆ ಸಡಿಲ. ಬೆರಳಿಟ್ಟರೆ ಚಿರೋಟಿ ರವೆಯಂತೆ ತರಿತರಿ. ಇಷ್ಟು ಒಳ್ಳೆಯ ಮಾದರಿಗೆ ಹೀಗೆ ಕೊಳೆ ಅಂಟಿಸಿಕೊಂಡು ಊಟಕ್ಕೆ ಹೋಗಿದ್ದಾನಲ್ಲ ಈ ಹುಡುಗ, ಅನ್ನಿಸಿತು. ನಮ್ಮ ಪ್ರೊಫೆಸರು ನೋಡಿದ್ದರೆ ಚರ್ಮ ಸುಲಿಯುತ್ತಿದ್ದರು. ಹೆಂಡತಿಯ ಬಸಿರು, ಅಪ್ಪನ ಅಂಗಡಿ, ಪಾಪ, ಅವನ ತಲೆಯಲ್ಲಿ ನೂರೆಂಟು. ಇಷ್ಟಾದರೂ ಮಾಡಿಕೊಡೋಣ ಎಂದುಕೊಂಡೆ.

ಬಕೆಟ್ಟು ತಂದೆ. ಟ್ರಂಕಿನಿಂದ ನಾರು ತಂದೆ. ಬೂದು ಜೇಡಿಗೆ ಒಂದಿಷ್ಟೂ ನೋವಾಗದಂತೆ, ಎಳೆಗೂಸಿಗೆ ಎಣ್ಣೆ ನೀರು ಹಾಕುವ ನಾಜೂಕಿನಲ್ಲಿ ಕಂದು ಕೊಳೆಯನ್ನೆಲ್ಲ ತೊಳೆದೆ. ತುದಿ ಸ್ವಲ್ಪ ಅಂಕುಡೊಂಕಾಯಿತು. ಚಾಕು ತೆಗೆದುಕೊಂಡು ಮೈಸೂರು ಪಾಕು ಕೊಯ್ದ ಹಾಗೆ ನೇರ ಮಾಡಿದೆ. ನನ್ನ ಚೌಕದಲ್ಲೇ ಒರೆಸಿದೆ. ಬಕೆಟ್ಟಿನ ನೀರನ್ನು ಸಮುದ್ರಕ್ಕೆ ಚೆಲ್ಲಿ, ಕೈ ತೊಳೆದುಕೊಂಡು, ಶಭಾಷ್‌ಗಿರಿಗೆ ಕಾದು ನಿಂತೆ.

ವಾಲ್ಟರ್ ಬಂದದ್ದು ಒಂದು ಗಂಟೆಯ ಮೇಲೆ; ಹವಾಮಾನದ ಮಾತಿಗೆ ಕ್ಯಾಪ್ಟನ್ ಹಿಡಿದು ಕೂರಿಸಿಕೊಂಡಿದ್ದನಂತೆ. ಟೇಪು ಹಿಡಿದವನು ಹಾಗೇ ನಿಂತ. ಆ ತುದಿ ನೋಡಿದ, ಈ ತುದಿ ನೋಡಿದ, ತೊಟ್ಟಿಗೆ ಅಂಟಿಸಿದ್ದ ಚೀಟಿ ನೋಡಿದ. ಮಂಡಿಯೂರಿ ನಾನು ಕೊಯ್ದ ಜಾಗವನ್ನು ಬೆರಳಿನಿಂದ ಸವರಿದ. ‘ಮಾರ್ಟಿ, ಇದನ್ನ ನೋಡಿದ್ರಾ ನೀವು?’ ಎಂದ. ನಾನು ವಿನಯದಿಂದ, ‘ನೋಡ್ದೆ’ ಎಂದೆ. ಅವನು ಎದ್ದು ನನ್ನನ್ನು ತಬ್ಬಿಕೊಂಡ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಉಪಕಾರಸ್ಮರಣೆಯೇ ಎಂದು ನನಗೆ ಸಂಕೋಚವಾಯಿತು.

ಆಮೇಲೆ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ ಅವನು ವಿವರಿಸಿದಾಗ ತಿಳಿಯಿತು. ಭೂಮಿಯಲ್ಲಿ ಹಿಮ ಹೆಚ್ಚಿದ್ದ ಕಾಲದಲ್ಲಿ ಕಡಲು ತಗ್ಗಿನಲ್ಲಿತ್ತು. ನದಿ ಅಂಚಿನವರೆಗೂ ಹರಿದುಬಂದು ಬೂದು ಕೆಸರನ್ನು ನೇರ ಆಳಕ್ಕೆ ಸುರಿಯುತ್ತಿತ್ತು. ಹಿಮ ಕರಗಿ ಕಡಲು ಏರಿದ ಮೇಲೆ ನದಿಯ ಬಾಯಿ ಹಿಂದೆ ಸರಿಯಿತು. ಅಲ್ಲಿಂದೀಚೆಗೆ ಇಷ್ಟು ದೂರ ಬೀಳುವುದು ಸಣ್ಣ ಜೀವಿಗಳ ಚಿಪ್ಪು, ನಯವಾದ ಧೂಳು, ಅಷ್ಟೇ. ಇದುವರೆಗೆ ತೆಗೆದ ಎಲ್ಲ ಕಂಬದ ನೆತ್ತಿಯ ಮೇಲೂ ಆ ಕಂದು ಪದರ ಇತ್ತು. ಇಲ್ಲಿ ಮಾತ್ರ ಇಲ್ಲ. ಅಂದರೆ, ರಾಶಿಬಿದ್ದ ಕೆಸರು ಭಾರ ತಾಳದೆ ಇತ್ತೀಚೆಗೆ ಕುಸಿದು ಇಡೀ ಇಳಿಜಾರೇ ಜಾರಿಹೋಗಿದೆ. ಈ ಜಾಗದಲ್ಲಿ ಅಂಥ ಕುಸಿತವನ್ನು ಯಾರೂ ತೋರಿಸಿಕೊಟ್ಟಿಲ್ಲ. ‘ಅದೂ ಎಷ್ಟು ನೇರವಾಗಿ ಕತ್ತರಿಸಿಕೊಂಡು ಹೋಗಿದೆ ನೋಡಿ, ಚಾಕು ಹಾಕಿದ ಹಾಗೆ’ ಎಂದು ಕಣ್ಣೊರೆಸಿಕೊಂಡ.

ಕ್ಯಾಪ್ಟನ್ ಎದ್ದು ಅವನ ಬೆನ್ನು ತಟ್ಟಿದ. ಅಡುಗೆಯವನು ಕೇಕು ತಂದ. ಆ ಕಂದು ಪದರ ನೋಡಲು ಹೇಗಿರುತ್ತದೆ ಎಂದು ಮೆಲ್ಲಗೆ ಕೇಳಿದೆ.

‘ಮೊನ್ನೆಯೆಲ್ಲ ಹೇಳಿದ್ನಲ್ಲ? ಗಂಜಿ ಥರ. ಮುಟ್ಟಿದ್ರೆ ತರಿತರಿ ಸಿಗುತ್ತೆ. ಒಂದು ಗೇಣು ಬೀಳೋಕೆ ಹತ್ತು ಸಾವಿರ ವರ್ಷ ಬೇಕು ಮಾರ್ಟಿ.’

ಹತ್ತು ಸಾವಿರ ವರ್ಷ. ಮನುಷ್ಯ ನೇಗಿಲು ಹಿಡಿಯುವ ಮೊದಲಿನಿಂದ ಹಿಡಿದು ಜಯನಗರದಲ್ಲಿ ಸೈಟು ಹಂಚುವವರೆಗೆ ಒಂದೊಂದೇ ಕಣವಾಗಿ ಬಿದ್ದದ್ದನ್ನು ನಾನು ಹತ್ತು ನಿಮಿಷದಲ್ಲಿ ತೊಳೆದು ಚೆಲ್ಲಿದ್ದೆ. ಅವರು ಕಂಡುಹಿಡಿದ ಭೂಕುಸಿತ ಅಲ್ಲೇ ಮೇಜಿನ ತುದಿಯಲ್ಲಿ ಕೂತು ಕೇಕು ನುಂಗಲಾಗದೆ ಒದ್ದಾಡುತ್ತಿತ್ತು.

ಐದನೆಯ ದಿನ, ಮಧ್ಯಾಹ್ನದವರೆಗೆ

ಹಡಗಿನಿಂದ ದಡಕ್ಕೆ ರೇಡಿಯೊ ಸಂದೇಶ ಹೋಗುವುದು ದಿನಕ್ಕೊಮ್ಮೆ, ಮಧ್ಯಾಹ್ನ ಹನ್ನೆರಡಕ್ಕೆ. ವಾಲ್ಟರ್ ತನ್ನ ಗುರುವಿಗೆ ಸಂದೇಶ ಬರೆದು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದ. ಅದು ಹೋಯಿತೆಂದರೆ ಆಡಿದ ಮಾತು, ಒಡೆದ ಮುತ್ತು.

ಮನುಷ್ಯನ ಮನಸ್ಸು ಎಷ್ಟು ಚೆನ್ನಾಗಿ ವಕಾಲತ್ತು ಮಾಡುತ್ತದೆಂದು ಆವತ್ತು ಬೆಳಗ್ಗೆ ಕಂಡೆ. ಸುಮ್ಮನಿದ್ದರೆ ಅವನಿಗೆ ಡಾಕ್ಟರೇಟು, ನನಗೆ ಒಳ್ಳೆಯ ಪತ್ರ. ಕಡಲ ತಳಕ್ಕೆ ಯಾರು ಇಳಿದು ನೋಡುತ್ತಾರೆ? ಹೇಳಿದರೆ ನನ್ನನ್ನು ಮುಂದಿನ ಬಂದರಿನಲ್ಲಿ ಇಳಿಸಿ ಮನೆಗೆ ಕಳಿಸುತ್ತಾರೆ. ಲಲಿತ ಶ್ರೀನಗರದ ಕಡೆ ತಲೆಯೆತ್ತಿ ನಡೆಯುವ ಹಾಗಿಲ್ಲ. ಈ ವಾದ ಗಡ್ಡ ಕೆರೆದುಕೊಳ್ಳುವವರೆಗೂ ಸೊಗಸಾಗಿಯೇ ಇತ್ತು. ಕನ್ನಡಿಯಲ್ಲಿ ಮುಖ ನೋಡಿಕೊಂಡಾಗ ಹೊಳೆಯಿತು: ನಾಳೆ ಇನ್ಯಾರೋ ಬಂದು ಇದೇ ಜಾಗದಲ್ಲಿ ಕೊಳವೆ ಬಿಡುತ್ತಾರೆ. ಕಂದು ಕೆಸರು ಬಂದೇ ಬರುತ್ತದೆ. ಆಗ ಲೋಕದೆದುರು ಮಂಗನಾಗುವವನು ವಾಲ್ಟರ್. ನಾನು ಆರಾಮವಾಗಿ ಜಯನಗರದಲ್ಲಿ ಕಾಫಿ ಕುಡಿಯುತ್ತಿರುತ್ತೇನೆ.

ಒಂಬತ್ತಕ್ಕೆ ಹೇಳಹೋದೆ. ಅವನು ಬೆಟ್ಟಿಗೆ ಕಾಗದ ಬರೆಯುತ್ತಿದ್ದ. ಗಂಡಾದರೆ ಮಗುವಿಗೆ ಮಾರ್ಟಿ ಎಂದೇ ಹೆಸರಿಡಲೇ ಎಂದು ಕೇಳಿದ. ವಾಪಸು ಬಂದೆ. ಹತ್ತೂವರೆಗೆ ಹೋದೆ; ಕ್ಯಾಪ್ಟನ್ ಇದ್ದ. ಹನ್ನೊಂದಕ್ಕೆ, ‘ವಾಲ್ಟರ್, ನಮ್ಮ ಕಡೆ ಒಂದು ಪದ್ಧತಿ ಇದೆ’ ಎಂದು ಶುರುಮಾಡಿದೆ. ಊಟದ ಹೊತ್ತಿಗೆ ಸಾವಕಾಶವಾಗಿ ಕೇಳುತ್ತೇನೆ ಎಂದು ನಕ್ಕ.

ಬಾಯಿಂದ ಇದು ಆಗುವ ಮಾತಲ್ಲ ಎಂದು ಖಾತ್ರಿಯಾಯಿತು. ನಾನು ಮಾಡಿ ತೋರಿಸುವವನು. ಹನ್ನೊಂದೂವರೆಗೆ ಅವನನ್ನು ಕೈಹಿಡಿದು ಡೆಕ್ಕಿಗೆ ಕರೆತಂದೆ. ಅಳೆದು ಮುಗಿಸಿ ಎಸೆಯಲೆಂದು ಇಟ್ಟಿದ್ದ ಹಳೆಯ ಕೆಸರು ಒಂದು ಬೋಗುಣಿಯಲ್ಲಿತ್ತು. ತೊಟ್ಟಿಯಲ್ಲಿ ಬೂದು ಇಟ್ಟೆ, ಅದರ ನೆತ್ತಿಗೆ ಒಂದು ಗೇಣು ಕಂದು ಇಟ್ಟೆ. ಪಕ್ಕದಲ್ಲಿ ಬಕೆಟ್ಟು, ನಾರು, ಚಾಕು, ಚೌಕ. ಹದಿನಾಲ್ಕು ವರ್ಷ ಹುಡುಗರೆದುರು ಮಾಡಿದಂತೆಯೇ ಒಂದೊಂದು ಹಂತವನ್ನೂ ನಿಧಾನವಾಗಿ ಮಾಡಿದೆ. ತೊಳೆದೆ. ಕೊಯ್ದೆ. ಒರೆಸಿದೆ. ಬಕೆಟ್ಟನ್ನು ಸಮುದ್ರಕ್ಕೆ ಬಗ್ಗಿಸಿದೆ.

‘ನಿನ್ನೆ ನೀನು ಊಟಕ್ಕೆ ಹೋದಾಗ ನಾನು ಮಾಡಿದ್ದು ಇದು’ ಎಂದೆ.

ವಾಲ್ಟರ್ ತೊಟ್ಟಿಯನ್ನು ನೋಡಿದ. ನಾರನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಯಾವುದರಿಂದ ಮಾಡಿದ್ದು ಎಂದು ಕೇಳಿದ. ತೆಂಗಿನಕಾಯಿ ಎಂದೆ. ಹಗ್ಗದ ಸುರುಳಿಯ ಮೇಲೆ ಕೂತುಕೊಂಡ. ಬೈದಿದ್ದರೆ ಸಾಕಿತ್ತು. ಅವನು ಬೈಯಲಿಲ್ಲ. ಅವನ ಮುಖದ ಮಚ್ಚೆಗಳು ಮಾತ್ರ ಎದ್ದು ಕಾಣುವಷ್ಟು ಬಿಳಿಚಿಕೊಂಡ. ನನಗೆ ಅಳು ಬಂತು, ಅತ್ತೇಬಿಟ್ಟೆ. ನಲವತ್ತೆರಡು ವರ್ಷದ ಗಂಡಸು, ಕೈಯಲ್ಲಿ ಒದ್ದೆ ಚೌಕ.

‘ಯಾಕೆ ಹೇಳಿದ್ರಿ?’ ಎಂದ ಕೊನೆಗೆ. ‘ಯಾರಿಗೂ ಗೊತ್ತಾಗ್ತಿರ್ಲಿಲ್ಲ.’

‘ಇನ್ನೊಬ್ಬ ಬಂದು ಇಲ್ಲೇ ಪೈಪ್ ಬಿಟ್ರೆ ನಿನ್ನ ಹೆಸರು ಹೋಗುತ್ತೆ. ಹೋದ್ರೆ ನನ್ನದು ಹೋಗ್ಲಿ.’

ಅವನು ಎದ್ದು ಕ್ಯಾಪ್ಟನ್ನನ ಕೋಣೆಗೆ ಹೋದ. ಬಾಗಿಲ ಸಂದಿನಿಂದ ಕ್ಯಾಪ್ಟನ್ ಆಡಿದ ಮಾತುಗಳು ಕೇಳಿಸಿದವು. ಅವನ್ನು ಕನ್ನಡಕ್ಕೆ ತರುವುದು ಸಾಧ್ಯವಿಲ್ಲ, ಮನೆಯಲ್ಲಿ ಹೆಂಗಸರು ಮಕ್ಕಳು ಓದುತ್ತಾರೆ. ಹನ್ನೆರಡು ಹೊಡೆಯಿತು. ಸಂದೇಶ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಹಡಗು ದೊಡ್ಡದಾಗಿ ವಾಲಿ, ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿತು.

ಅದೇ ಜಾಗ, ಇನ್ನೊಮ್ಮೆ

ಮುಂದೆ ನಡೆದದ್ದನ್ನು ಇಲ್ಲೇ ಹೇಳಿ ಕೈತೊಳೆದುಕೊಳ್ಳುತ್ತೇನೆ. ವಾಲ್ಟರಿಗೆ ಇನ್ನೂ ಒಂದೂವರೆ ವರ್ಷ ಹಿಡಿಯಿತು, ಆದರೆ ಡಾಕ್ಟರೇಟು ಬಂತು. ಟೈರಿನ ಅಂಗಡಿಗೆ ಹೋಗಲಿಲ್ಲ. ಬೆಟ್ಟಿಗೆ ಹೆಣ್ಣು ಮಗು. ಅವನ ಗುರು ನನಗೆ ಕೊಟ್ಟ ಪತ್ರದಲ್ಲಿ ನಾನು ಪ್ರಾಮಾಣಿಕ ಎಂದು ಬರೆದು, ಮಾದರಿಗಳ ಬಳಿ ಬಿಡುವಾಗ ಜಾಗ್ರತೆ ಎಂದು ಸೇರಿಸಿದ್ದರು. ನಮ್ಮ ಕಾಲೇಜು ಎರಡನೆಯ ವಾಕ್ಯವನ್ನು ಹೆಚ್ಚು ಆಸಕ್ತಿಯಿಂದ ಓದಿತು. ಇವತ್ತಿಗೂ ನಾನು ಡೆಮಾನ್‌ಸ್ಟ್ರೇಟರ್. ಲಲಿತ ಒಂದು ವಾರ ಮಾತು ಬಿಟ್ಟು, ಆಮೇಲೆ ಶ್ರೀನಗರಕ್ಕೆ ತಾನೇ ಹೋಗಿ ಅಕ್ಕನಿಗೆ ನಿಜ ಹೇಳಿ ಬಂದಳು. ಆದರೆ ನಾನು ಹೇಳಬೇಕೆಂದು ಇಷ್ಟು ದೂರ ಬಂದದ್ದು ಆವತ್ತಿನ ಸಂಜೆಯದು.

ಹಳೆಯ ಜಾಗಕ್ಕೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಕ್ಯಾಪ್ಟನ್ ಹಡಗಿನಲ್ಲಿದ್ದ ಬಕೆಟ್ಟುಗಳನ್ನೆಲ್ಲ ಕೋಣೆಯಲ್ಲಿ ಹಾಕಿಸಿ ಬೀಗ ಹಾಕಿಸಿದ್ದ. ಕೊಳವೆ ಕೆಳಗೆ ಹೋಯಿತು. ಅದು ಮೇಲೆ ಬರುವಷ್ಟು ಹೊತ್ತೂ ನಾನು ಬನಶಂಕರಿ ಅಮ್ಮನಿಗೆ ಹರಕೆ ಹೊತ್ತೆ: ತಾಯೀ, ಅಲ್ಲಿ ನಿಜವಾಗಿಯೂ ಕುಸಿತ ಆಗಿರಲಿ, ಕಂದು ಬಾರದಿರಲಿ, ನೂರೊಂದು ನಿಂಬೆಹಣ್ಣಿನ ದೀಪ ಹಚ್ಚುತ್ತೇನೆ. ವಾಲ್ಟರನ ತುಟಿಯೂ ಅಲುಗುತ್ತಿತ್ತು. ಅವನು ಯಾರಿಗೆ ಏನು ಹರಕೆ ಹೊತ್ತನೋ ಕೇಳಲಿಲ್ಲ.

ಕೊಳವೆಯ ಬಾಯಲ್ಲಿ ಕಂದು ಕಾಣಿಸಿತು. ತೆಳುವಾಗಿ, ಸಡಿಲವಾಗಿ, ಲೋಕದ ಬೇರೆಲ್ಲ ಕಡೆ ಇರುವ ಹಾಗೆಯೇ. ವಾಲ್ಟರ್ ಅದನ್ನು ನೋಡಿ ಟೋಪಿ ಸರಿಮಾಡಿಕೊಂಡ.

ಕೆಸರನ್ನು ಹಿಂದಿನಿಂದ ದಬ್ಬುವಾಗ ನೆತ್ತಿಯ ಆ ಮೆತ್ತಗಿನ ಭಾಗ ಕುಸಿಯದಂತೆ ಒಬ್ಬರು ಎರಡೂ ಅಂಗೈ ಕೊಟ್ಟು ತೊಟ್ಟಿಯವರೆಗೆ ತರಬೇಕು. ಕ್ಯಾಪ್ಟನ್ ಒಬ್ಬ ನಾವಿಕನಿಗೆ ಬೆರಳು ಮಾಡಿ, ನನಗೆ ದೂರ ಸರಿಯೆಂದು ಕೈ ಬೀಸಿದ. ನಾನು ಸರಿದೆ.

‘ಬೇಡ’ ಎಂದ ವಾಲ್ಟರ್. ‘ಮಾರ್ಟಿ ಹಿಡೀಲಿ. ಈ ಒಂದು ಗೇಣಿನ ಬೆಲೆ ಅವ್ರಿಗೆ ಗೊತ್ತಿರೋಷ್ಟು ಈ ಹಡಗಲ್ಲಿ ಇನ್ಯಾರಿಗೂ ಗೊತ್ತಿಲ್ಲ.’

ಚಪ್ಪಲಿ ಬಿಟ್ಟೆ. ಅಂಗೈ ಚಾಚಿದೆ. ತಣ್ಣಗೆ, ತರಿತರಿಯಾಗಿ, ಅಲುಗಾಡುತ್ತ ಅದು ಬಂದು ಕೂತಿತು. ಕೊಳವೆಯ ಬಾಯಿಂದ ತೊಟ್ಟಿಯ ತುದಿಗೆ, ಪಾದಕ್ಕೆ ಪಾದ ತಾಗಿಸಿ, ಹದಿಮೂರು ಹೆಜ್ಜೆ. ನಾನು ಉಸಿರು ಬಿಟ್ಟದ್ದು ಅದನ್ನು ಮಲಗಿಸಿದ ಮೇಲೆಯೇ. ಒಂದು ತೊಟ್ಟೂ ಚೆಲ್ಲಲಿಲ್ಲ.